ಫೀ ಕಟ್ಟಿದವರು ಯಾರು, ಮಗು ಸಾಕಿದವರು ಯಾರು

‘ಮಗು ನನ್ನ ಹತ್ರಾನೇ ಇದೆ. ಅಂದ್ಮೇಲೆ ಅವಳ ಹೆಸರಿನ ಟ್ಯಾಕ್ಸ್ ವಿನಾಯಿತಿ ಪೂರ್ತಿ ನನಗೇ ಅಲ್ವಾ?’

ಡೈವೋರ್ಸ್ ಆದ ಗೆಳತಿಯರು, ಅವರ ಗೆಳತಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ನಾನು ಆಡಿಟರ್ ಅಲ್ಲ. ಶಿರಸಿ ಹತ್ತಿರದ ಅನುದಾನಿತ ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಆರನೇ ಕ್ಲಾಸಿನ ಮಗಳನ್ನು ತವರುಮನೆಯಲ್ಲಿದ್ದುಕೊಂಡು ಬೆಳೆಸುತ್ತಿದ್ದೇನೆ. ಅವಳಪ್ಪ ಬೆಂಗಳೂರಿನಲ್ಲಿದ್ದಾರೆ. ಬೇರೆಯಾದ ಮೇಲೆ ಮಗಳಿಗೆ ಸಂಬಂಧಪಟ್ಟ ಒಂದೊಂದು ಲೆಕ್ಕವನ್ನೂ ನಾನೇ ಕೂತು ಓದಿದೆ, ಗೊತ್ತಾಗದ್ದನ್ನು ನಮ್ಮ ಆಡಿಟರ್ ಹತ್ರ ಕೇಳಿ ತಿಳಿದುಕೊಂಡೆ. ಈ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಗೆಳತಿಯರ ಪ್ರಶ್ನೆಗೆ ಉತ್ತರ: ಅಲ್ಲ. ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲಿ ‘ಮಗುವಿನ ವಿನಾಯಿತಿ’ ಅಂತ ಒಟ್ಟಾಗಿ ಏನೂ ಇಲ್ಲ. ಒಂಟಿಯಾಗಿ ಮಗು ಸಾಕುವವರಿಗೆ ಬೇರೆ ಸ್ಲ್ಯಾಬ್ ಕೂಡ ಇಲ್ಲ. ಇರುವುದೆಲ್ಲ ಅಲ್ಲೊಂದು ಇಲ್ಲೊಂದು ತುಣುಕು. ಒಂದೊಂದು ತುಣುಕಿಗೂ ಅದರದೇ ಶರತ್ತು. ಕೋರ್ಟು ಮಗುವನ್ನು ಯಾರ ಸುಪರ್ದಿಗೆ ಕೊಟ್ಟಿದೆ ಎನ್ನುವುದು ಹೆಚ್ಚಿನ ಕಡೆ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಫೀ ವಿಷಯ ಹೇಳುತ್ತೇನೆ, ಎಲ್ಲರ ಜಗಳ ಶುರುವಾಗುವುದೇ ಅಲ್ಲಿ. ಸೆಕ್ಷನ್ 80ಸಿ ಪ್ರಕಾರ ಮಕ್ಕಳ ಟ್ಯೂಷನ್ ಫೀಯನ್ನು ಆದಾಯದಲ್ಲಿ ಕಳೆಯಬಹುದು. ಒಬ್ಬರಿಗೆ ಇಬ್ಬರು ಮಕ್ಕಳವರೆಗೆ. ಭಾರತದೊಳಗಿನ ಶಾಲೆ, ಕಾಲೇಜಿನ ಪೂರ್ಣಾವಧಿ ಓದು ಆಗಿರಬೇಕು. ಎಲ್‌ಐಸಿ, ಪಿಎಫ್, ಗೃಹಸಾಲದ ಅಸಲು ಎಲ್ಲ ಸೇರಿ ವರ್ಷಕ್ಕೆ 1.5 ಲಕ್ಷದ ಮಿತಿ ಇದೆಯಲ್ಲ, ಫೀ ಕೂಡ ಅದರೊಳಗೇ ಬರಬೇಕು.

ಇಲ್ಲಿ ಟ್ಯೂಷನ್ ಫೀ ಅಂದರೆ ಅದೊಂದೇ. ಶಾಲೆಯ ರಸೀದಿಯನ್ನು ಕೈಲಿ ಹಿಡಿದು ಸಾಲು ಸಾಲಾಗಿ ನೋಡಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ರಸೀದಿ ಇಟ್ಟುಕೊಳ್ಳೋಣ. ಒಟ್ಟು 41,500 ರೂಪಾಯಿ. ಅದರಲ್ಲಿ ಟ್ಯೂಷನ್ ಫೀ 22,000, ಬಸ್ಸು 13,500, ಕಟ್ಟಡ ನಿಧಿ 3,000, ಕಂಪ್ಯೂಟರ್ 2,000, ಪುಸ್ತಕ 1,000. ಲೆಕ್ಕಕ್ಕೆ ಬರುವುದು ಮೊದಲ ಸಾಲಿನ 22,000 ಮಾತ್ರ. ಕಟ್ಟಡ ನಿಧಿ, ಡೊನೇಷನ್ ಬರುವುದಿಲ್ಲ. ಸಂಜೆಯ ಮನೆಪಾಠದ ದುಡ್ಡೂ ಬರುವುದಿಲ್ಲ. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದು. ತೋಟದ ಮನೆಯಿಂದ ಮಗು ಪೇಟೆಯ ಶಾಲೆಗೆ ಹೋಗಬೇಕು ಅಂದರೆ ಬಸ್ಸಿನ ಖರ್ಚು ಸಣ್ಣದಲ್ಲ. ಆ ಬಸ್ಸಿಲ್ಲದೆ ಓದೇ ಇಲ್ಲ. ಆದರೂ ಅದು ಓದಿನ ಖರ್ಚು ಅಂತ ಆಗುವುದಿಲ್ಲ.

ಮಗಳ ಶಾಲೆಯ ರಸೀದಿಯಲ್ಲಿ ಅವಳ ಹೆಸರಿನ ಕೆಳಗೆ ತಂದೆಯ ಹೆಸರು ಅಚ್ಚಾಗಿ ಬರುತ್ತದೆ. ಕಟ್ಟಿದ್ದು ನಾನು. ಅದನ್ನು ತೋರಿಸಿದಾಗ ಆಡಿಟರ್ ಹೇಳಿದ್ದು ಇಷ್ಟು: ‘ರಸೀದಿಲಿ ಯಾರ ಹೆಸ್ರು ಇದ್ದು ಅನ್ನದು ಆಮೇಲೆ. ದುಡ್ಡು ಯಾರ ಖಾತೆಯಿಂದ ಹೋತು ಹೇಳು ತಂಗಿ.’ ಕಾಯ್ದೆ ನೋಡುವುದೂ ಅದನ್ನೇ. ಆ ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ, ದುಡ್ಡು ಕಟ್ಟಿದವರು ಯಾರೋ ಅವರದು. ಅದಕ್ಕೆ ಫೀಯನ್ನು ನಗದಾಗಿ ಕೊಡಬೇಡಿ. ಬ್ಯಾಂಕಿನಿಂದಲೋ ಯುಪಿಐಯಿಂದಲೋ ಹೋಗಲಿ. ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಸಿಗಬೇಕು.

ಅಪ್ಪ 12,000, ಅಮ್ಮ 10,000 ಕಟ್ಟಿದ್ದರೆ ಅವರವರು ಕಟ್ಟಿದ್ದನ್ನು ಅವರವರು ತೋರಿಸಬಹುದು. ಒಂದೇ ರೂಪಾಯಿಯನ್ನು ಇಬ್ಬರೂ ತೋರಿಸುವಂತಿಲ್ಲ. ಎಡವಟ್ಟು ಆಗುವುದು ಇಲ್ಲೇ. ಕಂಪನಿಯಲ್ಲಿ ಕೆಲಸ ಮಾಡುವವರು ವಿನಾಯಿತಿಯ ವಿವರವನ್ನು ಆಫೀಸಿಗೆ ಕೊಡುವ ಫಾರ್ಮ್ 12ಬಿಬಿ ಜೊತೆ ರಸೀದಿಯ ನಕಲು ಕೊಡುತ್ತಾರೆ. ಶಾಲೆಯಿಂದ ಅಪ್ಪನ ಮೊಬೈಲಿಗೆ ರಸೀದಿ ಹೋಗಿರುತ್ತದೆ, ಅವರು ಅದನ್ನೇ ಆಫೀಸಿಗೆ ಕಳಿಸುತ್ತಾರೆ. ಅಮ್ಮನೂ ತನ್ನ ರಿಟರ್ನ್‌ನಲ್ಲಿ ತೋರಿಸಿರುತ್ತಾಳೆ. ಮುಂದೆ ಪ್ರಶ್ನೆ ಬಂದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದವರು ಉಳಿದುಕೊಳ್ಳುತ್ತಾರೆ.

ಅಪ್ಪಂದಿರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಮಗು ಅಮ್ಮನ ಜೊತೆ ಇದ್ದು, ಫೀ ಪೂರ್ತಿ ಅಪ್ಪ ನೇರವಾಗಿ ಶಾಲೆಗೆ ಕಟ್ಟುತ್ತಿದ್ದರೆ ಆ ವಿನಾಯಿತಿ ಅವರದೇ. ಅದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಅವರು ಅದೇ ದುಡ್ಡನ್ನು ತಿಂಗಳು ತಿಂಗಳು ಅಮ್ಮನಿಗೆ ಕೊಟ್ಟು, ಅಮ್ಮ ಫೀ ಕಟ್ಟಿದರೆ ವಿನಾಯಿತಿ ಅಮ್ಮನದಾಗುತ್ತದೆ. ಅಪ್ಪನಿಗೆ ಕೊಟ್ಟ ಜೀವನಾಂಶಕ್ಕೆ ಯಾವ ಕಡಿತವೂ ಇಲ್ಲ. ದುಡ್ಡು ಯಾವ ದಾರಿಯಲ್ಲಿ ಹೋಗಬೇಕು ಅಂತ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಇಷ್ಟಕ್ಕೂ ಎಷ್ಟು ದುಡ್ಡಿನ ಮಾತು ಇದು? ಇಪ್ಪತ್ತು ಪರ್ಸೆಂಟಿನ ಸ್ಲ್ಯಾಬಿನಲ್ಲಿ ಇರುವವರಿಗೆ 22,000ದ ಮೇಲೆ ಉಳಿಯುವುದು 4,400, ತೆರಿಗೆಯ ಮೇಲಿನ ನಾಲ್ಕು ಪರ್ಸೆಂಟ್ ಸೆಸ್ ಸೇರಿದರೆ 4,576 ರೂಪಾಯಿ. ಮಕ್ಕಳ ಶಿಕ್ಷಣ ಭತ್ಯೆ ಅಂತ ಇನ್ನೊಂದಿದೆ. ಸಂಬಳದಲ್ಲಿ ಆ ಹೆಸರಿನ ಭತ್ಯೆ ಬರುತ್ತಿದ್ದರೆ, 2024-25ರ ಲೆಕ್ಕದಲ್ಲಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ ವಿನಾಯಿತಿ. ಹಾಸ್ಟೆಲಿಗೆ 300. ಈ ಮೊತ್ತ ನೋಡಿದರೆ ನನಗೆ ನಿಜವಾಗಲೂ ಬೇಸರ ಆಗುತ್ತದೆ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟುವವರು, ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿ ಜ್ವರ ಬಂದ ಮಗುವಿನ ಪಕ್ಕ ಕೂರುವವರು, ಪೇರೆಂಟ್ಸ್ ಮೀಟಿಂಗಿಗೆ ರಜೆ ಹಾಕುವವರು ಯಾರು ಅಂತ ಯಾವ ರಸೀದಿಯಲ್ಲೂ ಇರುವುದಿಲ್ಲ. ಕಾಯ್ದೆಗೆ ಅದು ಬೇಕಾಗಿಯೂ ಇಲ್ಲ.

ಎಲ್ಲ ದೇಶದಲ್ಲೂ ಹೀಗೇ ಇಲ್ಲ. ನಮ್ಮ ಕಡೆ ಈಗ ಒಂದು ಕುಟುಂಬದಲ್ಲಿ ಒಬ್ಬರಾದರೂ ಅಮೆರಿಕದಲ್ಲಿ ಇರುತ್ತಾರೆ. ದೊಡ್ಡಪ್ಪನ ಮಗಳು ಅಲ್ಲೇ ಇದ್ದು ಅಲ್ಲೇ ಡೈವೋರ್ಸ್ ಪಡೆದವಳು. ಅವಳ ಲೆಕ್ಕ ಕೇಳಿ ನಾನು ಬೆರಗಾದೆ. ಅಲ್ಲಿ ವರ್ಷದಲ್ಲಿ ಮಗು ಯಾರ ಮನೆಯಲ್ಲಿ ಹೆಚ್ಚು ರಾತ್ರಿ ಮಲಗಿದೆ ಅಂತ ಎಣಿಸುತ್ತಾರೆ. ಹೆಚ್ಚು ರಾತ್ರಿ ಇಟ್ಟುಕೊಂಡವರಿಗೆ ಮಗುವಿನ ತೆರಿಗೆ ಸೌಲಭ್ಯ. 2024ರಲ್ಲಿ ಒಂದು ಮಗುವಿಗೆ 2,000 ಡಾಲರ್‌ವರೆಗೆ ತೆರಿಗೆಯಲ್ಲೇ ಕಡಿಮೆ ಆಗುತ್ತಿತ್ತು. ಇನ್ನೊಬ್ಬರಿಗೆ ಬಿಟ್ಟುಕೊಡಬೇಕು ಅಂದರೆ ಫಾರ್ಮ್ 8332ಕ್ಕೆ ಸಹಿ ಹಾಕಿ ಕೊಡಬೇಕು. ಒಂಟಿಯಾಗಿ ಮನೆ ನಡೆಸುವವರಿಗೆ ಸ್ಲ್ಯಾಬೇ ಬೇರೆ. ಅಲ್ಲೂ ಜಗಳ ಇದೆ, ಇಲ್ಲ ಅಂತಲ್ಲ. ಆದರೆ ಮಗು ರಾತ್ರಿ ಎಲ್ಲಿ ಮಲಗುತ್ತದೆ ಅಂತ ಒಂದು ದೇಶದ ತೆರಿಗೆ ಇಲಾಖೆ ಕೇಳುತ್ತದೆ ಎನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

ನಮ್ಮಲ್ಲಿ ಇವೆ ಅಂತ ಮೇಲೆ ಹೇಳಿದ ವಿನಾಯಿತಿಗಳೆಲ್ಲ ಹಳೆ ತೆರಿಗೆ ಪದ್ಧತಿಯವು. ಈಗ ಹೊಸ ಪದ್ಧತಿಗೆ ಬರೋಣ. 2023-24ರಿಂದ ನಾವಾಗಿ ಬೇಡ ಅನ್ನದಿದ್ದರೆ ಎಲ್ಲರಿಗೂ ಹೊಸ ತೆರಿಗೆ ಪದ್ಧತಿಯೇ. ಅದರಲ್ಲಿ 80ಸಿ ಇಲ್ಲ. ಮಗುವಿನ ಆರೋಗ್ಯ ವಿಮೆಗೆ ಸಿಗುವ 80ಡಿ ಇಲ್ಲ. ಓದಿಗೆ ತೆಗೆದ ಸಾಲದ ಬಡ್ಡಿಯ 80ಇ ಇಲ್ಲ. ಶಿಕ್ಷಣ ಭತ್ಯೆಯ ಆ ನೂರು ರೂಪಾಯಿಯೂ ಇಲ್ಲ. ಬದಲಿಗೆ ಸ್ಲ್ಯಾಬ್ ಸಡಿಲವಾಗಿದೆ. 2024-25ರಲ್ಲಿ ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಉಳಿದದ್ದು 7 ಲಕ್ಷದೊಳಗಿದ್ದರೆ ತೆರಿಗೆ ಸೊನ್ನೆ. 2025-26ರಿಂದ ಆ 7 ಲಕ್ಷ 12 ಲಕ್ಷ ಆಗಿದೆ. ಅಂದರೆ ನಮ್ಮಂಥ ಸಂಬಳದ ಎಷ್ಟೋ ಅಮ್ಮಂದಿರಿಗೆ ಫೀ ರಸೀದಿಗಾಗಿ ಕಿತ್ತಾಡುವ ಅಗತ್ಯವೇ ಇಲ್ಲ. ಆ ರಸೀದಿ ನಮಗೆ ಕೈಗೆ ಬಂದರೂ ಉಪಯೋಗಕ್ಕೆ ಬರುವುದಿಲ್ಲ. ಸುಮ್ನೆ ಹಠ ಮಾಡುವ ಮೊದಲು ಇಬ್ಬರಲ್ಲಿ ಹಳೆ ಪದ್ಧತಿಯಲ್ಲಿ ಯಾರಿದ್ದಾರೆ ಅಂತ ಕೇಳಿಕೊಳ್ಳಿ. ಸಂಬಳದವರು ಪ್ರತಿ ವರ್ಷ ಬೇಕಾದ ಪದ್ಧತಿ ಆರಿಸಿಕೊಳ್ಳಬಹುದು. ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿರಬೇಕು, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಖರ್ಚಿನ ಕಡೆ. ಮಗುವಿನ ಹೆಸರಲ್ಲಿ ಆದಾಯ ಬಂದರೆ ಏನು ಅನ್ನುವುದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಡೈವೋರ್ಸ್ ಆದವರು ಮುಖ್ಯವಾಗಿ ತಿಳಿಯಬೇಕಾದ್ದೇ ಅದು.

ನಮ್ಮ ಅಡಿಕೆ ಸೀಮೆಯಲ್ಲಿ ಅಜ್ಜಂದಿರು ಮೊಮ್ಮಕ್ಕಳ ಹೆಸರಲ್ಲಿ ಸೊಸೈಟಿಯಲ್ಲಿ ಡಿಪಾಜಿಟ್ ಇಡುವುದು ಮಾಮೂಲು. ಕೊಯ್ಲು ಮುಗಿದು, ಅಡಿಕೆ ಮಾರಿ, ದುಡ್ಡು ಕೈಗೆ ಬಂದಾಗ ಮೊದಲು ನೆನಪಾಗುವುದು ಕೂಸಿನ ಮದುವೆ, ಕೂಸಿನ ಓದು. ಮಗಳ ಬಾಳು ಹೀಗಾಯಿತಲ್ಲ ಅಂತ ಅಪ್ಪಯ್ಯ ಕೂಡ ನನ್ನ ಮಗಳ ಹೆಸರಲ್ಲಿ 5 ಲಕ್ಷ ಇಟ್ಟರು. ಅಜ್ಜ ಮೊಮ್ಮಗಳಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಅಡಿಕೆಯ ಆದಾಯಕ್ಕೂ ತೆರಿಗೆ ಇಲ್ಲ. ಆದರೆ ಆ ದುಡ್ಡು ಡಿಪಾಜಿಟ್ ಆದ ಮೇಲೆ ಬರುವ ಬಡ್ಡಿಗೆ ಇದೆ. ‘ಸೊಸೈಟಿ ಬಡ್ಡಿಗೆ ಟ್ಯಾಕ್ಸ್ ಇಲ್ಲ’ ಅನ್ನುವ ಮಾತು ನಮ್ಮ ಕಡೆ ಬಾಯಿಂದ ಬಾಯಿಗೆ ಹೋಗುತ್ತದೆ. ಅದು ಸುಳ್ಳು. ಬಡ್ಡಿ ಕೊಡುವಾಗಲೇ ಟಿಡಿಎಸ್ ಅಂತ ತೆರಿಗೆ ಹಿಡಿಯಲಿಲ್ಲ ಅಂದಮಾತ್ರಕ್ಕೆ ತೆರಿಗೆ ಇಲ್ಲ ಅಂತ ಆಗುವುದಿಲ್ಲ.

ಹದಿನೆಂಟು ತುಂಬದ ಮಗುವಿನ ಇಂಥ ಆದಾಯವನ್ನು ಅಪ್ಪ ಅಥವಾ ಅಮ್ಮನ ಆದಾಯಕ್ಕೆ ಸೇರಿಸಬೇಕು ಅಂತ ಸೆಕ್ಷನ್ 64(1ಎ) ಹೇಳುತ್ತದೆ. ಮದುವೆ ಉಳಿದಿದ್ದರೆ ಇಬ್ಬರಲ್ಲಿ ಹೆಚ್ಚು ಆದಾಯ ಇರುವವರಿಗೆ. ಮದುವೆ ಮುರಿದಿದ್ದರೆ, ಆ ವರ್ಷ ಮಗುವನ್ನು ಸಾಕುತ್ತಿರುವವರಿಗೆ. ಓದಿ ನೋಡಿ, ಈ ಒಂದು ಜಾಗದಲ್ಲಿ ಕಾಯ್ದೆಗೆ ಮಗು ಸಾಕುವವರು ಕಾಣುತ್ತಾರೆ. ವಿನಾಯಿತಿ ಕೊಡುವಾಗ ಕಾಣದವರು ಬಡ್ಡಿ ಸೇರಿಸುವಾಗ ಕಾಣುತ್ತಾರೆ. ಇದು ನನಗೆ ಸರಿ ಅನಿಸುವುದಿಲ್ಲ, ಎಷ್ಟು ಸಲ ಓದಿದರೂ ಅನಿಸುವುದಿಲ್ಲ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಏಳೂವರೆ ಲಕ್ಷ ಸಂಬಳದ ಒಬ್ಬ ಅಮ್ಮ, ಹೊಸ ಪದ್ಧತಿ, ವರ್ಷ 2024-25. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 6,75,000. ತೆರಿಗೆ ಸೊನ್ನೆ. ಮಗುವಿನ 5 ಲಕ್ಷಕ್ಕೆ ಏಳೂವರೆ ಪರ್ಸೆಂಟಿನಂತೆ 37,500 ಬಡ್ಡಿ. ಸೇರಿಸಿದರೆ 7,12,500. ಗೆರೆ ದಾಟಿತು. ಸ್ಲ್ಯಾಬಿನ ಪ್ರಕಾರ 21,250 ಆಗಬೇಕು. ಏಳು ಲಕ್ಷದ ಮೇಲೆ ಎಷ್ಟು ಹೆಚ್ಚಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಇರಬಾರದು ಅನ್ನುವ ನಿಯಮ ಇರುವುದರಿಂದ 12,500ಕ್ಕೆ ಇಳಿಯುತ್ತದೆ. ಸೆಸ್ ಸೇರಿ 13,000 ರೂಪಾಯಿ. ಮಗುವಿನ ಬಡ್ಡಿಯ ಮೂರನೇ ಒಂದು ಭಾಗ ಹೋಯಿತು. ಹಳೆ ಪದ್ಧತಿಯಲ್ಲಿ ಒಂದು ಮಗುವಿಗೆ 1,500 ರೂಪಾಯಿ ಬಿಡುತ್ತಾರೆ, ಹೊಸದರಲ್ಲಿ ಅದೂ ಇಲ್ಲ. 2025-26ರಿಂದ 12 ಲಕ್ಷದ ಮಿತಿ ಬಂದಿರುವುದರಿಂದ ಇದೇ ಅಮ್ಮನಿಗೆ ತೆರಿಗೆ ಬೀಳುವುದಿಲ್ಲ, ಆದರೆ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸುವುದು ತಪ್ಪುವುದಿಲ್ಲ.

ಇನ್ನೊಂದು ತೊಡಕು. ಎಷ್ಟೋ ಡಿಪಾಜಿಟ್‌ಗಳು ಮದುವೆ ಚೆನ್ನಾಗಿದ್ದ ಕಾಲದಲ್ಲಿ ಆದವು. ಗಾರ್ಡಿಯನ್ ಅಂತ ಅಪ್ಪನ ಹೆಸರು, ಅಪ್ಪನ ಪ್ಯಾನ್ ಇರುತ್ತದೆ. ಬ್ಯಾಂಕಿನಲ್ಲಿದ್ದರೆ ಆ ಬಡ್ಡಿ ಅಪ್ಪನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಅಂದರೆ ಎಐಎಸ್‌ನಲ್ಲಿ ಕಾಣಿಸುತ್ತದೆ. ಕಾಯ್ದೆ ಪ್ರಕಾರ ಅದು ಅಮ್ಮನ ಲೆಕ್ಕ. ಕಂಪ್ಯೂಟರಿಗೆ ನಿಮ್ಮ ಡೈವೋರ್ಸ್ ಗೊತ್ತಿರುವುದಿಲ್ಲ. ಅಪ್ಪ ಎಐಎಸ್‌ನಲ್ಲೇ ಇದು ಬೇರೆ ಪ್ಯಾನ್‌ಗೆ ಸೇರಿದ್ದು ಅಂತ ಉತ್ತರ ಕೊಡಬಹುದು. ಅದಕ್ಕಿಂತ ಬ್ಯಾಂಕಿಗೇ ಹೋಗಿ ಗಾರ್ಡಿಯನ್ ಬದಲಿಸುವುದು ಒಳ್ಳೆಯದು. ಒಮ್ಮೆ ಒಬ್ಬರ ಆದಾಯಕ್ಕೆ ಸೇರಿದ ಮಗುವಿನ ಆದಾಯ ಮುಂದಿನ ವರ್ಷ ಇನ್ನೊಬ್ಬರಿಗೆ ದಾಟಬೇಕು ಅಂದರೆ ಅಧಿಕಾರಿಗೆ ಅದು ಮನವರಿಕೆ ಆಗಬೇಕು. ಕೋರ್ಟಿನ ಆದೇಶದ ನಕಲು ಕೈಲಿರಲಿ.

ಗಾರ್ಡಿಯನ್ ಬದಲಿಸಲು ಹೋದಾಗ ‘ಅಪ್ಪನ ಸಹಿ ಬೇಕಾಗ್ತದೆ ಮೇಡಂ’ ಅನ್ನುವವರು ಇದ್ದಾರೆ. ನನಗೂ ಒಂದು ಕಡೆ ಹಾಗೇ ಹೇಳಿದರು. ಹೀಗೆ ಹೇಳಿಸಿಕೊಂಡವರಿಗೆ ಗೀತಾ ಹರಿಹರನ್ ಅವರ ಕೇಸು ಗೊತ್ತಿರಬೇಕು. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿ, ಗಾರ್ಡಿಯನ್ ಅಂತ ಅಮ್ಮನ ಹೆಸರು ಕೊಟ್ಟಿದ್ದರು. ಅರ್ಜಿ ವಾಪಸ್ ಬಂತು. ಅಪ್ಪ ಒಪ್ಪಿದ್ದರೂ ಬಂತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಹಿಂದೂ ಮಕ್ಕಳ ಗಾರ್ಡಿಯನ್ ಯಾರು ಅಂತ ಹೇಳುವ 1956ರ ಕಾಯ್ದೆಯಲ್ಲಿ ತಂದೆ, ಅವರ ನಂತರ ತಾಯಿ ಅಂತ ಇದೆಯಲ್ಲ, ತಂದೆ ಬದುಕಿದ್ದಾಗಲೂ ಮಗುವಿನ ಜವಾಬ್ದಾರಿ ಹೊರುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಅಥವಾ ಆ ಜವಾಬ್ದಾರಿ ತಾಯಿಯದೇ ಆಗಿದ್ದರೆ, ತಾಯಿ ಗಾರ್ಡಿಯನ್ ಆಗಬಹುದು ಅಂತ 1999ರಲ್ಲಿ ಕೋರ್ಟು ಹೇಳಿತು. ಹಾಗೇ 2018ರ ಡಿಸೆಂಬರ್ 5ರಿಂದ, ತಾಯಿ ಒಬ್ಬಳೇ ಪೋಷಕಿ ಆಗಿದ್ದರೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯ ಅಲ್ಲ. ಕೌಂಟರಿನಲ್ಲಿ ಮೆತ್ತಗೆ, ಆದರೆ ಬಿಡದೆ ಹೇಳಿ.

ಮಗುವಿನ ಎಲ್ಲ ಆದಾಯವೂ ಹೀಗೆ ಸೇರುವುದಿಲ್ಲ. ಮಗು ತನ್ನ ದುಡಿಮೆಯಿಂದ, ಕಲೆಯಿಂದ ಗಳಿಸಿದ್ದು ಅದರದೇ. ನಮ್ಮ ಜಿಲ್ಲೆಯಲ್ಲಿ ಯಕ್ಷಗಾನ ಕಲಿಯುವ ಮಕ್ಕಳು ಬಹಳ. ಬಾಲಗೋಪಾಲ ವೇಷ ಹಾಕಿ ಕುಣಿದ ಮಗುವಿಗೆ ಸಂಭಾವನೆ ಬಂದರೆ ಅದು ಅಪ್ಪ ಅಮ್ಮನ ತೆರಿಗೆಗೆ ಬರುವುದಿಲ್ಲ. ಅದನ್ನು ಡಿಪಾಜಿಟ್ ಇಟ್ಟರೆ ಬಡ್ಡಿ ಮತ್ತೆ ನಮ್ಮ ತಲೆಗೆ. ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರಿ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯ ಬಡ್ಡಿಗೆ ಎರಡೂ ಪದ್ಧತಿಯಲ್ಲಿ ತೆರಿಗೆ ಇಲ್ಲ, ಸೇರಿಸುವ ಪ್ರಶ್ನೆಯೇ ಬರುವುದಿಲ್ಲ. 2024ರ ಜನವರಿಯಿಂದ ಅದರ ಬಡ್ಡಿ 8.2 ಪರ್ಸೆಂಟ್. ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವ ಮೊದಲು ಖಾತೆ ತೆಗೆಯಬೇಕು, ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದು. ಅಪ್ಪಯ್ಯನಂಥ ಅಜ್ಜಂದಿರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಒಂದು ಮಗುವಿಗೆ ಒಂದೇ ಖಾತೆ, ಹದಿನೆಂಟರವರೆಗೆ ಅದನ್ನು ನಡೆಸುವುದು ಗಾರ್ಡಿಯನ್. ಬೇರೆಯಾಗುವಾಗ ಆ ಪಾಸ್‌ಬುಕ್ ಯಾರ ಹತ್ರ ಇರಬೇಕು ಅಂತ ಮಾತಾಡದೆ ಬಿಟ್ಟವರು ಆಮೇಲೆ ಒದ್ದಾಡುತ್ತಾರೆ.

ಕಾರವಾರದಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಅವಳ ಮಗನಿಗೆ ಆಟಿಸಂ. ಗಂಡ ಬಿಟ್ಟು ಹೋದ ಮೇಲೆ ಮಗನ ಥೆರಪಿಗಾಗಿ ಅವಳು ಹಗಲು ರಾತ್ರಿ ಅನ್ನದೆ ಓಡಾಡಿದ್ದಾಳೆ. ಅಂಥವರಿಗೆ ಸೆಕ್ಷನ್ 80ಡಿಡಿ ಇದೆ. ತನ್ನನ್ನು ಅವಲಂಬಿಸಿದ ಅಂಗವಿಕಲ ಮಗುವಿಗೆ ಖರ್ಚು ಮಾಡುವವರಿಗೆ 75,000, ವೈಕಲ್ಯ ಎಂಬತ್ತು ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಎಷ್ಟು ಖರ್ಚಾಯಿತು ಅನ್ನುವುದಕ್ಕೆ ತಕ್ಕಂತೆ ಕಡಿಮೆ ಜಾಸ್ತಿ ಆಗುವುದಿಲ್ಲ, ಇಡೀ ಮೊತ್ತ ಸಿಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದರೆ ಫಾರ್ಮ್ 10-ಐಎಯಲ್ಲಿ ಡಾಕ್ಟರ ಸರ್ಟಿಫಿಕೇಟ್ ಬೇಕು. ಇಂಥ ಮಗುವಿನ ಆದಾಯವನ್ನು ಅಪ್ಪ ಅಮ್ಮನಿಗೆ ಸೇರಿಸುವುದೂ ಇಲ್ಲ. ಆದರೆ 80ಡಿಡಿ ಇರುವುದು ಹಳೆ ಪದ್ಧತಿಯಲ್ಲಿ ಮಾತ್ರ. ಉಳಿದದ್ದೆಲ್ಲ ಹೋಗಲಿ, ಇದೊಂದನ್ನಾದರೂ ಹೊಸ ಪದ್ಧತಿಯಲ್ಲಿ ಉಳಿಸಬೇಕಿತ್ತು. ಅವಳಂಥವರಿಗೆ ಕೊಡುವುದನ್ನು ದೇಶ ಭಾರ ಅಂದುಕೊಳ್ಳಬಾರದು.

ಜೀವನಾಂಶದ ಬಗ್ಗೆ ಚಿಕ್ಕದಾಗಿ. ಹೆಂಡತಿಗೆ ತಿಂಗಳು ತಿಂಗಳು ಬರುವ ಜೀವನಾಂಶ ಅವಳ ಆದಾಯ, ತೆರಿಗೆಗೆ ಬರುತ್ತದೆ. ಒಂದೇ ಸಲ ಇಡಿಗಂಟು ಬಂದರೆ ಅದು ಆದಾಯ ಅಲ್ಲ. ಪ್ರತಾಪಗಢದ ರಾಜಕುಮಾರಿ ಮಹೇಶ್ವರಿ ದೇವಿಯವರ ಕೇಸಿನಲ್ಲಿ ಬಾಂಬೆ ಹೈಕೋರ್ಟ್ ಈ ವ್ಯತ್ಯಾಸ ಮಾಡಿತು, ಈಗಲೂ ಅದನ್ನೇ ಎತ್ತಿ ಹೇಳುತ್ತಾರೆ. ಅದಕ್ಕೆ ಹೆಂಡತಿಗೆ ಎಷ್ಟು, ಮಗುವಿಗೆ ಎಷ್ಟು ಅಂತ ಒಪ್ಪಂದದಲ್ಲಿ ಬೇರೆ ಬೇರೆ ಬರೆಸಿ.

ಒಪ್ಪಂದ ಅಂದಾಗ ವಕೀಲರ ಆಫೀಸಿನಲ್ಲಿ ಒಡವೆ, ಮನೆ, ಮಗು ಯಾವ ವಾರ ಯಾರ ಹತ್ರ ಅನ್ನುವುದರಲ್ಲೇ ಹೊತ್ತು ಮುಗಿಯುತ್ತದೆ. ಇಬ್ಬರೂ ಸುಸ್ತಾಗಿರುತ್ತಾರೆ, ಸಹಿ ಹಾಕಿ ಎದ್ದರೆ ಸಾಕು ಅನಿಸಿರುತ್ತದೆ. ಆ ಹೊತ್ತಿನಲ್ಲೇ ಇನ್ನೊಂದಷ್ಟು ಸಾಲು ಬರೆಸಿಕೊಳ್ಳಿ ಅಂತ ನನ್ನ ಕೋರಿಕೆ. ಫೀ ಯಾರು ಕಟ್ಟುತ್ತಾರೆ, ನೇರವಾಗಿ ಶಾಲೆಗೋ ಅಮ್ಮನ ಖಾತೆಗೋ. ಮಗು ಯಾರ ಆರೋಗ್ಯ ವಿಮೆಯಲ್ಲಿ ಇರುತ್ತದೆ. ಡಿಪಾಜಿಟ್, ಸುಕನ್ಯಾ ಖಾತೆಗಳಿಗೆ ಇನ್ನು ಮುಂದೆ ಗಾರ್ಡಿಯನ್ ಯಾರು. ಶಾಲೆಯ ದಾಖಲೆಯಲ್ಲಿ ಯಾರ ಮೊಬೈಲ್ ನಂಬರ್. ಆಗಲೇ ಸಹಿ ಹಾಕಿ ಆಗಿದ್ದರೂ ದಾರಿ ಇದೆ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಲ್ಲಿ ಮಕ್ಕಳ ಪಾಲನೆ, ಓದಿನ ಆದೇಶಗಳನ್ನು ಆಮೇಲೂ ಬದಲಿಸಬಹುದು.

1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವುದು 2026ರ ಏಪ್ರಿಲ್ 1ರಿಂದ. ನಾನು ಇಲ್ಲಿ ಬರೆದ ಸೆಕ್ಷನ್ ನಂಬರುಗಳು ಹಳೆಯ ಕಾಯ್ದೆಯವು. ಮುಂದಿನ ವರ್ಷಗಳಿಗೆ ನಂಬರು, ಮೊತ್ತ ಎರಡನ್ನೂ ಹೊಸದಾಗಿ ನೋಡಿಕೊಳ್ಳಿ.

ನಮ್ಮ ಮನೆಯ ಲೆಕ್ಕ ಈಗ ಹೀಗಿದೆ. ಮಗಳಪ್ಪನಿಗೆ ಗೃಹಸಾಲ ಇದೆ, ಅವರು ಹಳೆ ಪದ್ಧತಿಯಲ್ಲಿದ್ದಾರೆ. ನಾನು ಹೊಸದರಲ್ಲಿ. ಹಾಗಾಗಿ ಟ್ಯೂಷನ್ ಫೀ ಅವರೇ ನೇರವಾಗಿ ಶಾಲೆಗೆ ಕಟ್ಟುತ್ತಾರೆ, ವಿನಾಯಿತಿಯೂ ಅವರದೇ. ಆರೋಗ್ಯ ವಿಮೆಯಲ್ಲೂ ಮಗಳು ಅವರ ಪಾಲಿಸಿಯಲ್ಲೇ ಇದ್ದಾಳೆ. ಬಸ್ಸು, ಪುಸ್ತಕ ನನ್ನದು. ಡಿಪಾಜಿಟ್‌ಗೆ ಗಾರ್ಡಿಯನ್ ನಾನು, ಬಡ್ಡಿ ನನ್ನ ರಿಟರ್ನ್‌ನಲ್ಲಿ ಬರುತ್ತದೆ. ನಾವಿಬ್ಬರೂ ಇದನ್ನು ಫೋನಿನಲ್ಲಿ ಮಾತಾಡಿಯೇ ತೀರ್ಮಾನ ಮಾಡಿಕೊಂಡೆವು. ಫೀ ಕಟ್ಟಿದ ದಿನ ಅವರು ರಸೀದಿಯ ಫೋಟೋ ಕಳಿಸುತ್ತಾರೆ, ನಾನು ಅದನ್ನು ಮಗಳ ಫೈಲಿಗೆ ಸೇರಿಸುತ್ತೇನೆ.